ಡ್ರಿಪ್ ಹೈದರಾಬಾದಿನಲ್ಲಿ, ಎಮರ್ಜೆನ್ಸಿ ಕಲಬುರಗಿಯಲ್ಲಿ

ಕೂದಲು ಉದುರಲ್ಲ, ಕೀಮೋದಷ್ಟು ವಾಂತಿ ಇಲ್ಲ. ಹಾಗಾಗಿ ಕ್ಯಾನ್ಸರಿಗೆ ಕೊಡುವ ಇಮ್ಯುನೊಥೆರಪಿ ಹಗುರ ಔಷಧ ಅಂತ ನಮ್ಮ ಕಡೆ ಬಹಳ ಜನ ನಂಬಿದ್ದಾರೆ. ಒಳ್ಳೆಯ ಔಷಧ ಹೌದು. ಹಗುರ ಅಲ್ಲ.

ನಿವೊಲುಮಾಬ್, ಪೆಂಬ್ರೊಲಿಜುಮಾಬ್ ಥರದವು ಗಡ್ಡೆಯನ್ನು ನೇರವಾಗಿ ಕೊಲ್ಲುವುದಿಲ್ಲ. ನಮ್ಮದೇ ರೋಗನಿರೋಧಕ ಕಣಗಳ ಬ್ರೇಕ್ ತೆಗೆಯುತ್ತವೆ. ಈ ದಾರಿ ತೋರಿಸಿದ ಜೇಮ್ಸ್ ಆಲಿಸನ್, ತಾಸುಕು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ಬ್ರೇಕ್ ಹೋದ ಮೇಲೆ ಆ ಕಣಗಳು ಒಮ್ಮೊಮ್ಮೆ ಹೃದಯದ ಸ್ನಾಯುವಿನ ಮೇಲೂ ಬೀಳುತ್ತವೆ. ಅದೇ ಮಯೋಕಾರ್ಡೈಟಿಸ್. ಆಗುವುದು ನೂರರಲ್ಲಿ ಒಬ್ಬರಿಗೆ, ಅಥವಾ ಇನ್ನೂ ಕಮ್ಮಿ. ಆದರೆ ಆದವರಲ್ಲಿ ಕಾಲು ಭಾಗದಿಂದ ಅರ್ಧದಷ್ಟು ಜನ ತೀರಿಕೊಂಡ ವರದಿಗಳಿವೆ. ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲೇ ಬರುತ್ತದೆ. ಇಂಥ ಎರಡು ಔಷಧ ಕೂಡಿಸಿ ಕೊಟ್ಟರೆ ಅಪಾಯ ಜಾಸ್ತಿ.

ನಮ್ಮ ಕಾಕಾ ಹೈದರಾಬಾದಿನಲ್ಲಿ ಇಂಥದ್ದೇ ಔಷಧದ ಡ್ರಿಪ್ ಹಾಕಿಸಿಕೊಂಡು ಬಂದಿದ್ದರು. ಕೆಲವು ವಾರಕ್ಕೆ ವಿಪರೀತ ಸುಸ್ತು, ಮೆಟ್ಟಿಲು ಹತ್ತಿದರೆ ದಮ್ಮು, ಒಂದು ಕಣ್ಣಿನ ರೆಪ್ಪೆ ಜೋತು ಬಿತ್ತು. ಇಲ್ಲಿನ ಒಂದು ನರ್ಸಿಂಗ್ ಹೋಮಿನಲ್ಲಿ "ಗ್ಯಾಸ್ ಆಗ್ಯಾದ್ರಿ" ಅಂತ ಗುಳಿಗೆ ಕೊಟ್ಟು ಕಳಿಸಿದರು. ದಪ್ಪ ಫೈಲು ಕೈಯಲ್ಲೇ ಇತ್ತು, ಯಾರೂ ತೆರೆಯಲಿಲ್ಲ. ಮರುದಿನ ಬೇರೆ ಕಡೆ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್ ಔಷಧದ ಹೆಸರು ನೋಡಿದ ಕೂಡಲೇ ಇಸಿಜಿ, ಟ್ರೊಪೊನಿನ್ (ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯಾ ಅಂತ ತೋರಿಸುವ ರಕ್ತಪರೀಕ್ಷೆ) ಮಾಡಿಸಿ, ಹೈದರಾಬಾದಿಗೆ ಫೋನ್ ಹಚ್ಚಿದರು. ದೊಡ್ಡ ಡೋಸಿನ ಸ್ಟೀರಾಯ್ಡ್ ಶುರುವಾಯಿತು. ಕಾಕಾ ಉಳಿದರು.

ಎದೆನೋವು ಇರಲೇಬೇಕು ಅಂತಿಲ್ಲ, ನೋಡಿ. ರೆಪ್ಪೆ ಜೋತು ಬೀಳುವುದು, ಎರಡೆರಡು ಕಾಣುವುದು, ತೊಡೆ-ತೋಳು ಸೋಲುವುದು ಇದರ ಜೊತೆಗೇ ಬರಬಹುದು. ಎಕೋ, ಅಂದರೆ ಹೃದಯದ ಸ್ಕ್ಯಾನ್, ನಾರ್ಮಲ್ ಅಂದರೂ ಸುಮ್ನೆ ಕೂರಬೇಡಿ. ಈ ತೊಂದರೆ ಆದ ಎಷ್ಟೋ ಜನರ ಹೃದಯದ ಪಂಪಿಂಗ್ ನಾರ್ಮಲ್ಲೇ ಇರುತ್ತದೆ.

ನನ್ನ ಸಿಟ್ಟು ಔಷಧದ ಮೇಲಲ್ಲ. ಬಾಯಿ, ಗಂಟಲಿನ ಕ್ಯಾನ್ಸರಿಗೆ ಮಾಮೂಲಿಗಿಂತ ತೀರಾ ಕಮ್ಮಿ ಡೋಸು, ಬರೀ 20 ಮಿಲಿಗ್ರಾಂ ನಿವೊಲುಮಾಬ್ ಕೂಡ ಆಯಸ್ಸು ಹೆಚ್ಚಿಸುತ್ತದೆ ಅಂತ ಮುಂಬೈನ ಟಾಟಾ ಆಸ್ಪತ್ರೆಯವರು 2022ರಲ್ಲಿ ತೋರಿಸಿದ್ದಾರೆ. ಗುಟ್ಕಾ ಬಿಡದ ನಮ್ಮ ಭಾಗಕ್ಕೆ ಅದು ಸಣ್ಣ ಮಾತಲ್ಲ. ಸಿಟ್ಟು ಇರುವುದು ಫೈಲಿನಲ್ಲಿ ಎಚ್ಚರಿಕೆಯ ಒಂದು ಚೀಟಿಯೂ ಇಲ್ಲದ್ದರ ಮೇಲೆ. ಡ್ರಿಪ್ ಹಾಕಿದವರು ದೂರದಲ್ಲಿ, ರಾತ್ರಿ ಓಡಬೇಕಾದ ಕ್ಯಾಶುಯಲ್ಟಿ ಇಲ್ಲಿ. ಫೈಲಿನ ಮೊದಲ ಪುಟದಲ್ಲಿ ಔಷಧದ ಹೆಸರು, ಫೋನ್ ನಂಬರ್, "ಹೃದಯ ನೋಡಿ" ಅಂತ ಕನ್ನಡದಲ್ಲಿ ಒಂದು ಸಾಲು ಬರೆಯೋಕೆ ಎಷ್ಟು ಖರ್ಚಾಗುತ್ತೆ?

ಅವರು ಬರೆಯದಿದ್ದರೆ ನೀವೇ ಬರೆದು ಅಂಟಿಸಿ. ಮೊದಲ ಡ್ರಿಪ್‌ಗೂ ಮುಂಚೆ ಇಸಿಜಿ, ಟ್ರೊಪೊನಿನ್ ಮಾಡಿಸಿ ಅಂತ ಕೇಳಿ. ಆ ರಿಪೋರ್ಟ್ ಅದೇ ಫೈಲಿನಲ್ಲಿರಲಿ, ಆಮೇಲೆ ಹೋಲಿಸಿ ನೋಡೋಕೆ ಬೇಕಾಗುತ್ತೆ.