ಸ್ಪಷ್ಟನೆ: ಅಮೆರಿಕದ ಸಾಕರ್ ಮೆಸ್ಸಿಯಿಂದ ಆರಂಭವಾದದ್ದಲ್ಲ

2023ರಲ್ಲಿ ಲಿಯೊನೆಲ್ ಮೆಸ್ಸಿ ಅಮೆರಿಕದ ಇಂಟರ್ ಮಯಾಮಿ ಕ್ಲಬ್ ಸೇರುವವರೆಗೆ ಅಮೆರಿಕನ್ನರಿಗೆ ಸಾಕರ್ (ನಾವು ಫುಟ್ಬಾಲ್ ಎನ್ನುವ ಆಟ) ಅಪರಿಚಿತವಾಗಿತ್ತು, ಇನ್ನು ಅದೇ ಅಲ್ಲಿನ ಮೊದಲ ಕ್ರೀಡೆಯಾಗಲಿದೆ ಎಂಬ ಮಾತು ಹರಿದಾಡುತ್ತಿದೆ. ಇದರ ಎರಡೂ ಭಾಗಗಳು ಸರಿಯಲ್ಲ. 1930ರ ಮೊದಲ ವಿಶ್ವಕಪ್‌ನಲ್ಲೇ ಅಮೆರಿಕ ಸೆಮಿಫೈನಲ್ ತಲುಪಿತ್ತು; 1950ರಲ್ಲಿ ಇಂಗ್ಲೆಂಡನ್ನು 1–0ರಿಂದ ಸೋಲಿಸಿತ್ತು. ಈ ಮಾತು ಹಬ್ಬಿಸುವವರು ಮಹಿಳೆಯರನ್ನು ಪೂರ್ತಿ ಮರೆತಿರುವುದು ನಿಜಕ್ಕೂ ಬೇಸರದ ಸಂಗತಿ: 1991, 1999, 2015 ಮತ್ತು 2019ರಲ್ಲಿ ವಿಶ್ವಕಪ್ ಗೆದ್ದ ಅಮೆರಿಕದ ಮಹಿಳಾ ತಂಡದ 1999ರ ಫೈನಲ್ ನೋಡಲು ಕ್ಯಾಲಿಫೋರ್ನಿಯಾದ ಪಾಸಡೀನಾದಲ್ಲಿ 90,000ಕ್ಕೂ ಹೆಚ್ಚು ಜನ ಸೇರಿದ್ದರು. ಆದರೂ ಟಿ.ವಿ. ವೀಕ್ಷಣೆಯಲ್ಲಿ ಅಮೆರಿಕನ್ ಫುಟ್ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಬೇರೆಯೇ ಆಟ) ಇಂದಿಗೂ ಬಹಳ ಮುಂದಿದೆ. ಅಲ್ಲದೆ, 1975ರಲ್ಲಿ ಪೆಲೆ ನ್ಯೂಯಾರ್ಕ್ ಕಾಸ್ಮೋಸ್ ಕ್ಲಬ್ ಸೇರಿ ಕ್ರೀಡಾಂಗಣಗಳು ತುಂಬಿದರೂ, ಮಿತಿಮೀರಿದ ಖರ್ಚು ಮತ್ತು ಅವಸರದ ವಿಸ್ತರಣೆಯಿಂದ ಆ ಕ್ಲಬ್ ಆಡುತ್ತಿದ್ದ ಅಂದಿನ ಲೀಗ್ 1984ರ ಋತುವಿನ ಬಳಿಕ ನಿಂತೇಹೋಯಿತು.