ಸ್ಪಷ್ಟನೆ: ಸಿಲ್ಡೆನಾಫಿಲ್ ಸಿಒಪಿಡಿಯ ಏದುಸಿರಿಗೆ ಮದ್ದಲ್ಲ

“ಸಿಒಪಿಡಿಯಲ್ಲಿ ಶ್ವಾಸಕೋಶದ ರಕ್ತನಾಳಗಳು ಬಿಗಿಯುತ್ತವೆ, ಸಿಲ್ಡೆನಾಫಿಲ್ ನುಂಗಿದರೆ ಸಡಿಲಗೊಂಡು ಏದುಸಿರು ನಿಲ್ಲುತ್ತದೆ” ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಸಿಒಪಿಡಿ ಎಂದರೆ ಶ್ವಾಸನಾಳಗಳು ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ, ಸಿಲ್ಡೆನಾಫಿಲ್ ರಕ್ತನಾಳ ಸಡಿಲಿಸುವ ಮಾತ್ರೆ. ಸಂದೇಶದ ಮೊದಲರ್ಧ ನಿಜ, ಉಳಿದರ್ಧ ಅಪಾಯ.

ಮೈಯ ಬೇರೆಡೆ ಆಮ್ಲಜನಕ ಕಡಿಮೆಯಾದರೆ ರಕ್ತನಾಳ ಹಿಗ್ಗುತ್ತದೆ. ಶ್ವಾಸಕೋಶದಲ್ಲಿ ಮಾತ್ರ ಉಲ್ಟಾ, ಕುಗ್ಗುತ್ತದೆ. ಗಾಳಿ ಬಾರದ ಗೂಡಿಗೆ ರಕ್ತ ಹರಿದು ವ್ಯರ್ಥವಾಗದಿರಲೆಂದು ದೇಹವೇ ಮಾಡಿಕೊಂಡ ಏರ್ಪಾಡದು. ಮಾತ್ರೆ ಆ ನಾಳಗಳನ್ನೂ ತೆರೆದರೆ ಆಮ್ಲಜನಕ ಹೀರದ ರಕ್ತ ಹಾಗೇ ಹೃದಯಕ್ಕೆ ಮರಳಿ, ಆಕ್ಸಿಮೀಟರ್ ಅಂಕಿ ಇಳಿಯಬಹುದು. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರಿಗಂತೂ ಬಿಪಿ ದಿಢೀರನೆ ಕುಸಿದೀತು. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ವಿಪರೀತವಿರುವ ಕೆಲವರಿಗೆ ತಜ್ಞರು ಇದನ್ನು ಕೊಡುವುದುಂಟು. ಅದು ಬೇರೆ ಮಾತು.

ವರ್ಷಗಟ್ಟಲೆ ಕುಗ್ಗಿದ ನಾಳದ ಗೋಡೆ ದಪ್ಪವಾಗುತ್ತದೆ. ಸಿಒಪಿಡಿಯ ಒಂದು ಬಗೆಯಾದ ಎಂಫಿಸೀಮಾದಲ್ಲಿ ಗಾಳಿಗೂಡುಗಳ ಜತೆ ಲೋಮನಾಳಗಳೂ (ಅತಿ ಸಣ್ಣ ರಕ್ತನಾಳಗಳು) ನಾಶವಾಗುತ್ತವೆ. ಇದರಿಂದ ಶ್ವಾಸಕೋಶದ ನಾಳಗಳಲ್ಲಿ ಒತ್ತಡ ಏರಿ, ಹೃದಯದ ಬಲಭಾಗಕ್ಕೆ ಹೊರೆ ಬಿದ್ದು ಪಾದ ಊದುತ್ತದೆ. ತೋಳಿಗೆ ಕಟ್ಟುವ ಬಿಪಿ ಪಟ್ಟಿ ಈ ಒತ್ತಡವನ್ನು ತೋರಿಸದು, ಎಕೋ (ಹೃದಯದ ಸ್ಕ್ಯಾನ್) ಸುಳಿವು ಕೊಡುತ್ತದೆ.

ಕಾಯಿಲೆ ಹತೋಟಿಯಲ್ಲಿದ್ದು, ಸುಮ್ಮನೆ ಕೂತಾಗಲೂ ಸ್ಯಾಚುರೇಶನ್ (ರಕ್ತದ ಆಮ್ಲಜನಕ ಮಟ್ಟ) ಶೇ. 88 ಅಥವಾ ಅದಕ್ಕಿಂತ ಕೆಳಗಿದ್ದರೆ ವೈದ್ಯರು ದಿನಕ್ಕೆ ಕನಿಷ್ಠ 15 ಗಂಟೆ ಆಮ್ಲಜನಕ ಬರೆಯುತ್ತಾರೆ. ಹರಿವನ್ನು ನೀವೇ ಏರಿಸಬೇಡಿ. ಕೆಲವರಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿ ಮಂಪರು ಕವಿಯುತ್ತದೆ.