ಕೊನೆಯ ದಿನ ಗೊತ್ತಾದ ಮೇಲಿನ ಆಟ

ನಾನು ಹದಿಮೂರು ವರ್ಷ ಆಡಿದ ಆನ್‌ಲೈನ್ ಯುದ್ಧತಂತ್ರದ ಆಟವೊಂದು ಕಳೆದ ತಿಂಗಳು ನಿಂತುಹೋಯಿತು. ಅದರ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. 2002ರ ಓಗೇಮ್, 2004ರ ಟ್ರೇವಿಯನ್‌ಗಳನ್ನು ಆಡಿದವರಿಗೆ ಅದು ಯಾವ ಜಾತಿಯದೆಂದು ಹೇಳಬೇಕಾಗಿಲ್ಲ. ಬ್ರೌಸರ್‌ನಲ್ಲಿ ಒಂದು ಊರು, ಅದರ ಹೊಲ, ಗಣಿ, ಕಣಜ, ಸುತ್ತ ಒಂದು ಗೋಡೆ. ಕಟ್ಟಡ ಮೇಲೇಳಲು ಕೆಲವು ಗಂಟೆ, ಸೇನೆ ವೈರಿಯ ಊರು ಮುಟ್ಟಲು ಇನ್ನಷ್ಟು ಗಂಟೆ. ನಾವು ಮಲಗಿದ್ದಾಗಲೂ ಆಟ ನಡೆದೇ ಇರುತ್ತಿತ್ತು. ಅದರ ಸೊಗಸೂ ಕಾಟವೂ ಅದೇ. ನಸುಕಿನ ಮೂರಕ್ಕೆ ಅಲಾರಂ ಇಟ್ಟು ಎದ್ದು, ಎಂದೂ ಮುಖ ಕಾಣದ ಮಿತ್ರನೊಬ್ಬನ ಊರಿಗೆ ನನ್ನ ಸೈನ್ಯವನ್ನು ಕಾವಲಿಗೆ ಕಳುಹಿಸಿ ಮತ್ತೆ ಮಲಗಿದ ರಾತ್ರಿಗಳಿಗೆ ಲೆಕ್ಕವಿಲ್ಲ. ಇದನ್ನು ಮನೆಯವರಿಗೆ ವಿವರಿಸುವ ಪ್ರಯತ್ನವನ್ನು ಮಾತ್ರ ಬಹಳ ಹಿಂದೆಯೇ ಕೈಬಿಟ್ಟಿದ್ದೆ.

ಸರ್ವರ್ ಮುಚ್ಚುವ ಸುದ್ದಿಯನ್ನು ಕಂಪನಿ ಅರುವತ್ತು ದಿನ ಮೊದಲೇ ತಿಳಿಸಿತು. ಅಂದಿನಿಂದ ನನ್ನನ್ನು ಕಾಡಿದ್ದು ದುಃಖಕ್ಕಿಂತ ಹೆಚ್ಚಾಗಿ ಒಂದು ಕುತೂಹಲ. ಇಂಥ ಆಟದಲ್ಲಿ ಮೈತ್ರಿ ನಿಲ್ಲುವುದು ನಾಳೆಯ ಭಯದ ಮೇಲೆ. ಇಂದು ನಾನು ನಿನ್ನ ಕಣಜ ದೋಚಿದರೆ ನಾಳೆ ನನ್ನ ನೆರವಿಗೆ ಯಾರೂ ಬರುವುದಿಲ್ಲ. ಆ ನಾಳೆಯೇ ಇಲ್ಲವಾದರೆ? ಅಮೆರಿಕದ ರಾಜ್ಯಶಾಸ್ತ್ರಜ್ಞ ರಾಬರ್ಟ್ ಆಕ್ಸೆಲ್‌ರಾಡ್ ಕಂಪ್ಯೂಟರ್ ಪ್ರೋಗ್ರಾಮ್‌ಗಳ ನಡುವೆ ‘ಕೈದಿಗಳ ಇಕ್ಕಟ್ಟು’ ಆಟದ ಪಂದ್ಯಾವಳಿಗಳನ್ನು ನಡೆಸಿದರು. ಪ್ರತಿ ನಡೆಯಲ್ಲೂ ಇಬ್ಬರೂ ಸಹಕರಿಸಬೇಕೋ ಕೈಕೊಡಬೇಕೋ ಎಂದು ಆರಿಸುವ ಆಟವದು; ಕೈಕೊಟ್ಟವನಿಗೆ ಆ ನಡೆಯಲ್ಲಿ ಹೆಚ್ಚು ಅಂಕ, ಆದರೆ ಇಬ್ಬರೂ ಕೈಕೊಟ್ಟರೆ ಇಬ್ಬರೂ ಸಹಕರಿಸಿದಾಗಿನದಕ್ಕಿಂತ ಕಡಿಮೆ. ಮೊದಲ ಪಂದ್ಯಾವಳಿಯ ಪಂದ್ಯಗಳು 200 ನಡೆಗಳಿಗೆ ಮುಗಿಯುತ್ತವೆಂದು ಸ್ಪರ್ಧಿಗಳಿಗೆ ತಿಳಿದಿತ್ತು, ಹಾಗಾಗಿ ಕೆಲವು ಪ್ರೋಗ್ರಾಮ್‌ಗಳು ಕೊನೆಯ ನಡೆಗಳಲ್ಲಿ ಕೈಕೊಡುವಂತೆ ಬರೆಯಲ್ಪಟ್ಟಿದ್ದವು. ಎರಡನೆಯ ಪಂದ್ಯಾವಳಿಯಲ್ಲಿ ಆಟ ಯಾವಾಗ ಮುಗಿಯುವುದೆಂಬುದೇ ತಿಳಿಯದಂತೆ ಮಾಡಲಾಯಿತು. ಕೊನೆ ಗೊತ್ತಿದ್ದರೆ ಕಟ್ಟಕಡೆಯ ನಡೆಯಲ್ಲಿ ದ್ರೋಹವೇ ಲಾಭ, ಹಾಗಾದರೆ ಅದರ ಹಿಂದಿನ ನಡೆಯಲ್ಲೂ ಲಾಭ, ಹೀಗೆ ಹಿಂದೆ ಹಿಂದೆ ಸರಿದರೆ ಮೊದಲ ದಿನವೇ ಮೈತ್ರಿ ಮುರಿಯಬೇಕು ಎನ್ನುತ್ತದೆ ಗಣಿತ.

ನಮ್ಮ ಒಕ್ಕೂಟದಲ್ಲಿ ಹಾಗೆ ಮಾಡಿದವನು ಒಬ್ಬನೇ. ಸುದ್ದಿ ಬಂದ ವಾರದೊಳಗೆ ಮೂವರು ಸಂಗಡಿಗರ ಕಣಜಗಳನ್ನು ದೋಚಿ, ಅಂಕಪಟ್ಟಿಯಲ್ಲಿ ಒಂದಿಷ್ಟು ಮೇಲೇರಿ, ಮತ್ತೆ ಕಾಣಿಸಿಕೊಳ್ಳಲಿಲ್ಲ. ಉಂಡ ಮನೆಗೆ ಎರಡು ಬಗೆದವನ ಮೇಲೆ ಸೇಡು ತೀರಿಸಿಕೊಳ್ಳಲು ಯಾರಿಗೂ ಉತ್ಸಾಹವಿರಲಿಲ್ಲ ಎಂಬುದೇ ಅವನಿಗಾದ ಶಿಕ್ಷೆ ಎಂದು ನನಗನ್ನಿಸುತ್ತದೆ. ಉಳಿದವರು ಎಂದಿನಂತೆ ಕಾವಲು ಕಳುಹಿಸಿದರು, ಧಾನ್ಯ ಹಂಚಿಕೊಂಡರು. ಗಣಿತ ತಪ್ಪಿತೆಂದು ನಾನು ಹೇಳುತ್ತಿಲ್ಲ. ಅದು ಎಣಿಸಿದ್ದು ಅಂಕಗಳನ್ನು, ನಾವು ಬಹುಶಃ ಅಂಕಗಳಿಗಾಗಿ ಆಡುವುದನ್ನು ಎಂದೋ ಬಿಟ್ಟಿದ್ದೆವು.

ಆಟ ನಿಲ್ಲಿಸುವ ಕಂಪನಿಗಳು ಸರ್ವರ್‌ನ ಸಾಫ್ಟ್‌ವೇರನ್ನು ಆಟಗಾರರಿಗೆ ಕೊಟ್ಟು ಹೋಗಬೇಕೆಂಬ ಬೇಡಿಕೆ ಈಗ ಜೋರಾಗಿದೆ, ನಾನೂ ಅದರ ಪರ. 2014ರ ಜುಲೈ 1ರಂದು ನಿಂತ ಏಜ್ ಆಫ್ ಎಂಪೈರ್ಸ್ ಆನ್‌ಲೈನ್ ಅನ್ನು ಅಭಿಮಾನಿಗಳು ಪ್ರಾಜೆಕ್ಟ್ ಸೆಲೆಸ್ಟ್ ಹೆಸರಿನಲ್ಲಿ ಮತ್ತೆ ನಡೆಸಿ ತೋರಿಸಿದ್ದಾರೆ. ಆದರೆ ನಮ್ಮ ಆಟ ಹಾಗೆ ಮರಳಿದರೂ ಬರುವುದು ಖಾಲಿ ನಕ್ಷೆ. ಯಾರು ಯಾರ ಗೋಡೆಯನ್ನು ಯಾವ ರಾತ್ರಿ ಕಾಯ್ದರು ಎಂಬುದು ಅದರಲ್ಲಿ ಇರುವುದಿಲ್ಲ.

ಕೊನೆಯ ಸಂಜೆ ನನ್ನ ಹಳೆಯ ವೈರಿ, ಒಂಬತ್ತು ವರ್ಷಗಳಿಂದ ಗಡಿಯಾಚೆ ಇದ್ದವರು, ತಮ್ಮ ಇಡೀ ಸೇನೆಯನ್ನು ನನ್ನ ಊರಿನತ್ತ ಹೊರಡಿಸಿದರು. ಅದು ತಲುಪುವ ಸಮಯ, ಸರ್ವರ್ ನಿಲ್ಲುವುದಕ್ಕಿಂತ ನಲವತ್ತು ನಿಮಿಷ ತಡವಾಗಿತ್ತು. ಅಷ್ಟು ವರ್ಷ ಕ್ಷಣಗಳ ಲೆಕ್ಕ ತಪ್ಪದವರು ಅವರು, ಇದೂ ಲೆಕ್ಕ ತಪ್ಪಿದ್ದಲ್ಲ. ನಾನು ಗೋಡೆಯನ್ನು ಇನ್ನೊಂದು ಹಂತ ಏರಿಸಲು ಆಜ್ಞೆ ಕೊಟ್ಟು ಕುಳಿತೆ. ಮುಗಿಯಲು ಆರು ಗಂಟೆ ಬೇಕೆಂದು ಪರದೆ ತೋರಿಸುತ್ತಿತ್ತು.